ಶುಕ್ರವಾರವೇ ನಮಗೆ ಭಾನುವಾರ

ಊರಿನಲ್ಲಿ ಭಾನುವಾರ ಎಂಟರ ಪೂಜೆಗೆ ಗಂಟೆ ಹೊಡೆಯುವಾಗ ದೋಹಾದಲ್ಲಿ ಬೆಳಗಿನ ಐದೂವರೆ. ಆ ಹೊತ್ತಿಗೆ ನಾವು ಮಗಳ ಟಿಫಿನ್ ಡಬ್ಬಿ ಮುಚ್ಚುತ್ತಿರುತ್ತೇವೆ. ಕತಾರ್‌ನಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ. ಭಾನುವಾರ ವಾರದ ಮೊದಲ ಕೆಲಸದ ದಿನ. ಹಾಗಾಗಿ ಇಲ್ಲಿರುವ ನಮ್ಮಂಥ ಕ್ರೈಸ್ತ ಕುಟುಂಬಗಳಿಗೆ ಶುಕ್ರವಾರವೇ ಭಾನುವಾರ.

ನಾವು ಇಲ್ಲಿಗೆ ಬಂದು ಹನ್ನೊಂದು ವರ್ಷವಾದರೂ ಅಮ್ಮನಿಗೆ ಇದಿನ್ನೂ ಒಗ್ಗಿಲ್ಲ. ಕಿನ್ನಿಗೋಳಿ ಕಡೆಯ ಮನೆಯಿಂದ ಭಾನುವಾರ ಫೋನ್ ಮಾಡಿ, "ಪೂಜೆಗೆ ಹೋಗಿ ಬಂದಿರಾ?" ಎಂದು ಕೇಳುತ್ತಾರೆ. "ಮೊನ್ನೆಯೇ ಹೋಗಿ ಬಂದೆವಮ್ಮಾ" ಎಂದರೆ ಆ ಕಡೆ ಒಂದು ಕ್ಷಣ ಮಾತಿಲ್ಲ. ಆಮೇಲೆ, "ಸರಿ, ಚೆನ್ನಾಗಿದ್ದೀರಲ್ಲ?"

"ಚೆನ್ನಾಗಿದ್ದೇವೆ."

ಈ ಪುಟ ಓದುವವರಲ್ಲಿ ಹಲವರು ಇಂಥ ಫೋನಿನ ಆ ತುದಿಯಲ್ಲಿರುವವರು. 'ಚೆನ್ನಾಗಿದ್ದೇವೆ' ಎಂಬ ಮಾತಿನೊಳಗೆ ಏನೇನಿರುತ್ತದೆ ಎಂದು ಒಮ್ಮೆ ಬರೆಯಬೇಕೆನಿಸಿತು. 2025ರಲ್ಲಿ ನಮ್ಮ ಮನೆಯಲ್ಲಿ ಒಂದು ತೀರ್ಮಾನವೂ ಆಗಬೇಕಿತ್ತು. ಅದನ್ನೂ ಹೇಳುತ್ತೇವೆ.

ಬೆಳಗಿನ ಓಟ

ನಾವು ನಾಲ್ವರು. ಬಿಕಾಂ, ಸಿಎ ಮುಗಿಸಿ ಬಂದ ಗಂಡನದು ಖಾಸಗಿ ಕಂಪೆನಿಯಲ್ಲಿ ಲೆಕ್ಕಪತ್ರದ ಕೆಲಸ. ಹೆಂಡತಿ ಮಂಗಳೂರಿನಲ್ಲಿ ಓದಿದ ನರ್ಸ್. ಮಗಳಿಗೆ ಎಂಟು ವರ್ಷ, ಮಗನಿಗೆ ಮೂರು. ವಾಸ ಒಂದು ಹಳೆಯ ಕಟ್ಟಡದ ಎರಡು ಕೋಣೆಯ ಮನೆಯಲ್ಲಿ.

ನಾಲ್ಕೂಮುಕ್ಕಾಲಿಗೆ ಅಲಾರಾಂ. ಆರಕ್ಕೆ ಮುಂಚೆ ಶಾಲಾ ಬಸ್ ಕೆಳಗೆ ಬಂದು ನಿಲ್ಲುತ್ತದೆ. ಬೆಳಗಿನ ಪಾಳಿಯಿದ್ದರೆ ಆರೂಕಾಲಿಗೆ ಪತ್ನಿ ಹೊರಡಬೇಕು. ಮಗನನ್ನು ನಿದ್ದೆಗಣ್ಣಲ್ಲೇ ಎತ್ತಿಕೊಂಡು ಕೆಳಮನೆಗೆ ಬಿಡುತ್ತೇವೆ. ಅಲ್ಲಿ ಕುಂದಾಪುರ ಕಡೆಯ ಅಕ್ಕ ಒಬ್ಬರು ಮೂರು ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಮಗ ಕುಂದಾಪುರ ಕನ್ನಡ ಕಲಿತದ್ದು ಅವರಿಂದಲೇ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಇಂಗ್ಲಿಷ್, ಹಿಂದಿ, ಅರೇಬಿಕ್. ಮಗಳಿಗೆ ಅರೇಬಿಕ್ ಅಕ್ಷರ ಬರುತ್ತದೆ, ಕನ್ನಡದ ಅಕ್ಷರ ಬರುವುದಿಲ್ಲ. ಅಜ್ಜಿ ಓದುವ ಪೇಪರನ್ನು ಮೊಮ್ಮಗಳು ಓದಲಾರಳು. ಇದು ನಮ್ಮನ್ನು ಆಗಾಗ ಚುಚ್ಚುವ ಸಂಗತಿ.

ಮಗ ಹುಟ್ಟಿದಾಗ ಪತ್ನಿಗೆ ಸಿಕ್ಕಿದ ಹೆರಿಗೆ ರಜೆ 50 ದಿನ. ಖಾಸಗಿ ಕೆಲಸಗಾರರಿಗೆ ಅನ್ವಯಿಸುವ 2004ರ ಕಾರ್ಮಿಕ ಕಾನೂನಿನಲ್ಲಿ ಒಂದು ವರ್ಷ ಕೆಲಸ ಮಾಡಿದವರಿಗೆ ಇರುವುದು ಅಷ್ಟೇ. ಆಮೇಲೆ ಒಂದು ವರ್ಷ ದಿನಕ್ಕೊಂದು ಗಂಟೆ ಹಾಲೂಡಿಸಲು ಬಿಡುವು ಇದೆ. ಪಾಳಿಯಲ್ಲಿ ಜನ ಕಡಿಮೆಯಿದ್ದ ದಿನ ಅದನ್ನು ಕೇಳಲು ಬಾಯಿ ಬರುವುದಿಲ್ಲ. ಆಗ ಅಮ್ಮ ವಿಸಿಟ್ ವೀಸಾದಲ್ಲಿ ಬಂದು ಮಗುವನ್ನು ನೋಡಿಕೊಂಡರು. ಅವರು ಹಿಂದಿರುಗಿದ ದಿನ ಮಗುವಿಗಿಂತ ಹೆಚ್ಚು ಅತ್ತವರು ನಾವು.

ಬೇಸಿಗೆಯ ಮಾತು ಬೇರೆ. ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದೆಂದು ಸರಕಾರದ ನಿಯಮವೇ ಇದೆ. ದೊಡ್ಡವರ ಗತಿಯೇ ಹೀಗಾದರೆ ಮಕ್ಕಳ ಆಟ ಎಲ್ಲಿಂದ ಬರಬೇಕು? ಆ ತಿಂಗಳುಗಳಲ್ಲಿ ಅವರ ಅಂಗಳವೆಂದರೆ ಲಿಫ್ಟಿನ ಎದುರಿನ ಜಾಗ.

ಶಿಲುಬೆ ಕಾಣದ ಚರ್ಚ್

ನಾವು ಹೋಗುವ ಅವರ್ ಲೇಡಿ ಆಫ್ ರೋಸರಿ ಚರ್ಚ್ ದೋಹಾದ ದಕ್ಷಿಣದಲ್ಲಿ, ಅಬು ಹಮೂರ್ ಪಕ್ಕದ 'ಧಾರ್ಮಿಕ ಸಂಕೀರ್ಣ'ದೊಳಗಿದೆ. ಕೆಥೋಲಿಕ್, ಆರ್ಥೊಡಾಕ್ಸ್, ಆಂಗ್ಲಿಕನ್, ಮಾರ್ ಥೋಮಾ, ಹೀಗೆ ಎಲ್ಲರ ಆರಾಧನೆಯೂ ಅದೇ ಸುತ್ತಿನಲ್ಲಿ. ಇದಕ್ಕೆ ಜಾಗ ಕೊಟ್ಟವರು ಆಗಿನ ಅಮೀರ್ ಶೇಖ್ ಹಮದ್ ಬಿನ್ ಖಲೀಫಾ ಅಲ್ ಥಾನಿ. 2008ರ ಮಾರ್ಚ್‌ನಲ್ಲಿ ಚರ್ಚ್ ಉದ್ಘಾಟಿಸಲು ರೋಮಿನಿಂದ ಬಂದವರು ಮುಂಬೈಯಲ್ಲಿ ಹುಟ್ಟಿದ ಕಾರ್ಡಿನಲ್ ಐವನ್ ಡಯಾಸ್. ಹೊರಗಿನಿಂದ ನೋಡಿದರೆ ಶಿಲುಬೆಯಿಲ್ಲ, ಗೋಪುರವಿಲ್ಲ, ಗಂಟೆಯ ಸದ್ದಿಲ್ಲ. ಗೇಟಿನಲ್ಲಿ ಬ್ಯಾಗ್ ತಪಾಸಣೆ ಮುಗಿಸಿ ಒಳಗೆ ಹೋದರೆ ಮಾತ್ರ ಎಲ್ಲವೂ ಇದೆ.

ಶುಕ್ರವಾರ ಅಲ್ಲಿ ಜಾತ್ರೆ. ಇಂಗ್ಲಿಷ್, ಮಲಯಾಳಂ, ತಮಿಳು, ಫಿಲಿಪಿನೋ, ಅರೇಬಿಕ್, ನಮ್ಮ ಕೊಂಕಣಿ, ಹೀಗೆ ಒಂದೊಂದು ಭಾಷೆಗೆ ಒಂದೊಂದು ಹೊತ್ತು. ಮಕ್ಕಳಿಗೆ ಧರ್ಮೋಪದೇಶದ ತರಗತಿಯೂ ಅಂದೇ. ಬೆಳಿಗ್ಗೆ ಹೊರಟರೆ ಮನೆ ಸೇರುವಾಗ ಮಧ್ಯಾಹ್ನ ದಾಟುತ್ತದೆ. ಅಷ್ಟೂ ಹೊತ್ತು ಫೋನ್ ಸೈಲೆಂಟ್‌ನಲ್ಲಿರುತ್ತದೆ.

ಈ ನೆಲಕ್ಕೆ ಕ್ರೈಸ್ತ ಧರ್ಮ ಹೊಸದಲ್ಲ. 7ನೇ ಶತಮಾನದ ಸಂತ, ನಿನೆವೆಯ ಐಸಾಕ್ ಹುಟ್ಟಿದ್ದು ಆಗ 'ಬೇತ್ ಕತ್ರಾಯೆ' ಎನ್ನುತ್ತಿದ್ದ ಇದೇ ಸೀಮೆಯಲ್ಲಿ. ಇದನ್ನು ಮಗಳಿಗೆ ಹೇಳಿದಾಗ ಅವಳು ಕೇಳಿದ್ದು, "ಹಾಗಾದರೆ ಅವರಿಗೂ ಶುಕ್ರವಾರವೇ ಪೂಜೆಯಾ?"

ಕ್ರಿಸ್ಮಸ್‌ಗೆ ಇಲ್ಲಿ ರಜೆಯಿಲ್ಲ. ಡಿಸೆಂಬರ್ 18ರ ರಾಷ್ಟ್ರೀಯ ದಿನಕ್ಕೆ ರಜೆ ಮುಗಿಸಿ ಬಂದವರು 25ಕ್ಕೆ ಸ್ವಂತ ರಜೆ ಹಾಕಬೇಕು. ಲೆಕ್ಕಪತ್ರದವರಿಗೆ ಅದು ವರ್ಷಾಂತ್ಯದ ಕ್ಲೋಸಿಂಗ್ ಕಾಲ. ಹನ್ನೊಂದು ವರ್ಷದಲ್ಲಿ ಆ ದಿನ ಪೂರ್ತಿ ರಜೆ ಸಿಕ್ಕಿದ್ದು ನಾಲ್ಕು ಸಲ. ಆದರೆ ಕುಸ್ವಾರ್ ತಪ್ಪಿಸಿಲ್ಲ. ನೆವ್ರಿ, ಕಿಡಿಯೊ, ರೋಸ್ ಕುಕ್ಕೀಸ್ ಮಾಡಿ ಎದುರು ಮನೆಯ ಬಂಟ್ವಾಳದ ಮುಸ್ಲಿಂ ಕುಟುಂಬಕ್ಕೂ ಕೆಳಮನೆಯ ಅಕ್ಕನಿಗೂ ತಟ್ಟೆ ತುಂಬಿ ಕೊಡುತ್ತೇವೆ. ರಂಜಾನ್‌ನಲ್ಲಿ ಎದುರು ಮನೆಯಿಂದ ಸಮೋಸ, ಹಣ್ಣು ಬರುತ್ತದೆ. 2025ರಲ್ಲಿ ರಂಜಾನ್ ಮಾರ್ಚ್ 1ಕ್ಕೆ, ನಮ್ಮ ಬೂದಿ ಬುಧವಾರ ಮಾರ್ಚ್ 5ಕ್ಕೆ. ಎರಡೂ ಮನೆಗಳಲ್ಲಿ ಒಟ್ಟಿಗೇ ಉಪವಾಸ ನಡೆಯಿತು.

ಮೂರು ಸಲ ಬಂದ ಕರೆ

"ಸಾಕು, ವಾಪಸ್ ಬನ್ನಿ" ಎಂದು ಅಮ್ಮ ಮೂರು ಸಲ ಹೇಳಿದ್ದಾರೆ.

ಮೊದಲ ಸಲ 2017ರ ಜೂನ್‌ನಲ್ಲಿ. ಸೌದಿ ಅರೇಬಿಯಾ ಮತ್ತು ಇತರ ನೆರೆ ದೇಶಗಳು ಕತಾರ್ ಜೊತೆ ಸಂಬಂಧ ಕಡಿದು, ಇದ್ದ ಒಂದೇ ಭೂಗಡಿಯೂ ಮುಚ್ಚಿತು. ಮಗಳು ಕೈಗೂಸು. ಅಂಗಡಿಯ ಹಾಲಿನ ಕಪಾಟು ಖಾಲಿಯಾದ ಫೋಟೋಗಳು ಊರಿನ ವಾಟ್ಸ್‌ಆಪ್‌ಗೆ ನಮಗಿಂತ ಮೊದಲೇ ತಲುಪಿದ್ದವು. ಕೆಲವೇ ದಿನಗಳಲ್ಲಿ ಟರ್ಕಿಯ ಹಾಲು ಬಂತು, ಜುಲೈಯಲ್ಲಿ ಹಸುಗಳೇ ವಿಮಾನದಲ್ಲಿ ಬಂದಿಳಿದವು.

ಎರಡನೆಯ ಸಲ 2020ರಲ್ಲಿ. ಚರ್ಚ್ ಮುಚ್ಚಿತ್ತು, ವಿಮಾನ ನಿಂತಿತ್ತು, ನರ್ಸ್ ಕೆಲಸ ಮಾತ್ರ ನಿಂತಿರಲಿಲ್ಲ. ಡ್ಯೂಟಿ ಮುಗಿಸಿ ಬಂದ ತಾಯಿ ಸ್ನಾನ ಮಾಡುವ ತನಕ ಮಗಳು ಬಾಗಿಲ ಹಿಂದೆ ಕಾಯುತ್ತಿದ್ದಳು.

ಮೂರನೆಯದು 2025ರಲ್ಲಿ. ಜೂನ್ 23ರ ಸಂಜೆ ಅಲ್ ಉದೈದ್ ವಾಯುನೆಲೆಯ ಮೇಲೆ ಇರಾನ್ ಕ್ಷಿಪಣಿ ಹಾರಿಸಿತು. ಆಕಾಶದಲ್ಲಿ ಬೆಳಕು, ಕಿಟಕಿ ಗಾಜು ನಡುಗುವ ಸದ್ದು. ಪತ್ನಿ ಡ್ಯೂಟಿಯಲ್ಲಿದ್ದಳು. ಮಕ್ಕಳನ್ನು ಕಿಟಕಿಯಿಲ್ಲದ ಪ್ಯಾಸೇಜಿನಲ್ಲಿ ಕೂರಿಸಿ ಜಪಸರ ಹಿಡಿದೆವು. ವಾಯುಮಾರ್ಗ ಮುಚ್ಚಿತ್ತು. ಊರಿನಲ್ಲಿ ರಾತ್ರಿ ಹತ್ತು ದಾಟಿತ್ತು. ಸಾಲು ಸಾಲು ಫೋನ್. ಯಾವುದನ್ನು ಎತ್ತುವುದು? ಯಾರಿಗೂ ಏನೂ ಆಗಿಲ್ಲವೆಂದು ತಿಳಿದು ಅಮ್ಮನಿಗೆ ಹೇಳುವಷ್ಟರಲ್ಲಿ ನಲವತ್ತು ನಿಮಿಷ ಕಳೆದಿತ್ತು. ಆ ನಲವತ್ತು ನಿಮಿಷ ಅಮ್ಮ ಅಂಗಳದಲ್ಲೇ ನಿಂತಿದ್ದರಂತೆ.

ಸೆಪ್ಟೆಂಬರ್ 8ರಂದು ಮೊಂತಿ ಫೆಸ್ತ್, ನಮ್ಮ ತೆನೆ ಹಬ್ಬ. ಊರಿನಿಂದ ಬಂದವರ ಕೈಯಲ್ಲಿ ಅಮ್ಮ ಕಳುಹಿಸಿದ್ದ ನಾಲ್ಕು ತೆನೆಯ ಕಾಳು ಸುಲಿದು ಪಾಯಸಕ್ಕೆ ಹಾಕಿ, ಸಸ್ಯಾಹಾರದ ಊಟ ಮಾಡಿದೆವು. ಮರುದಿನ ಮಧ್ಯಾಹ್ನವೇ ದೋಹಾದೊಳಗೆ ಇಸ್ರೇಲ್ ದಾಳಿ. ಆ ರಾತ್ರಿ ಅಮ್ಮ ಅಳಲಿಲ್ಲ. "ನೀವು ದೊಡ್ಡವರು, ನಿಮ್ಮ ಇಷ್ಟ. ಮಕ್ಕಳನ್ನಾದರೂ ನನ್ನ ಹತ್ತಿರ ಬಿಡಿ" ಎಂದಷ್ಟೇ ಹೇಳಿದರು.

ನೂರು ರಿಯಾಲ್ ಲೆಕ್ಕ

ಆ ವಾರ ನಾವು ಲೆಕ್ಕಕ್ಕೆ ಕುಳಿತೆವು. ಇಬ್ಬರ ಸಂಬಳ ಸೇರಿ 100 ರಿಯಾಲ್ ಎಂದಿಟ್ಟುಕೊಳ್ಳಿ. ಅದರಲ್ಲಿ ಗಂಡನದು 60, ಹೆಂಡತಿಯದು 40. ಮನೆ ಬಾಡಿಗೆ 32, ಶಾಲೆ ಮತ್ತು ಬಸ್ 13, ಊಟ-ದಿನಸಿ 16, ಕಾರು-ಫೋನ್ 9, ಮಗನನ್ನು ನೋಡಿಕೊಳ್ಳುವವರಿಗೆ 7. ಊರಿನ ಮನೆಯ ಸಾಲದ ಕಂತು 15, ಅಮ್ಮನ ಖರ್ಚಿಗೆ 5. ಉಳಿಯುವುದು 3. ಬಾಡಿಗೆಗೆ ಮುಂದಿನ ತಾರೀಕಿನ ಚೆಕ್‌ಗಳನ್ನು ಮೊದಲೇ ಕೊಟ್ಟಿರುತ್ತೇವೆ. ಚೆಕ್ ಬೌನ್ಸ್ ಆದರೆ ಇಲ್ಲಿ ಅದು ಪೊಲೀಸ್ ಕೇಸು. ಹಾಗಾಗಿ ಬೇರೆ ಯಾವುದು ತಪ್ಪಿದರೂ ಬಾಡಿಗೆ ತಪ್ಪುವಂತಿಲ್ಲ.

ಇನ್ನೊಂದು ಹಾಳೆಯಲ್ಲಿ, ತಾಯಿ-ಮಕ್ಕಳು ಊರಿಗೆ ಹೋದರೆ ಎಂದು ಬರೆದೆವು. ಬರುವುದು 60 ಮಾತ್ರ. ಇಲ್ಲಿ ಬೆಡ್‌ಸ್ಪೇಸ್‌ಗೆ 8, ಊಟಕ್ಕೆ 6, ಕಾರು-ಫೋನಿಗೆ 7. ಊರಿನಲ್ಲಿ ಸಂಸಾರಕ್ಕೆ ಶಾಲೆ ಸೇರಿ 15, ಸಾಲಕ್ಕೆ 15, ಅಮ್ಮನಿಗೆ 5. ಉಳಿಯುವುದು 4.

ಮೂರಕ್ಕೂ ನಾಲ್ಕಕ್ಕೂ ಏನು ವ್ಯತ್ಯಾಸ? ದುಡ್ಡಿಗಾಗಿ ಇಲ್ಲಿದ್ದೇವೆ ಎಂದು ಇಷ್ಟು ವರ್ಷ ಊರಿಗೂ ಹೇಳಿದ್ದೆವು, ನಮಗೂ ಹೇಳಿಕೊಂಡಿದ್ದೆವು. ಲೆಕ್ಕ ಬರೆದಾಗ ಅದು ನಿಜವಲ್ಲವೆಂದು ಗೊತ್ತಾಯಿತು. ನಾಲ್ವರೂ ಒಂದೇ ಮೇಜಿನಲ್ಲಿ ಊಟ ಮಾಡುವುದಕ್ಕಾಗಿ ಇಲ್ಲಿದ್ದೆವು. ನರ್ಸ್ ಲೈಸೆನ್ಸ್ ಪರೀಕ್ಷೆ ಬರೆದು, ಸರ್ಟಿಫಿಕೇಟ್‌ಗಳ ಪರಿಶೀಲನೆಗೆ ತಿಂಗಳುಗಟ್ಟಲೆ ಕಾದು ಪಡೆದ ಕೆಲಸ ಬಿಟ್ಟರೆ ಪತ್ನಿಗೆ ಅದು ಮತ್ತೆ ಸುಲಭದಲ್ಲಿ ಸಿಗದು. ಇನ್ನೊಂದು ಕಡೆ ಎಪ್ಪತ್ತಮೂರು ವರ್ಷದ ಅಮ್ಮ ಒಬ್ಬರೇ. ಮೊಮ್ಮಗಳ ಪ್ರಥಮ ಪರಮಪ್ರಸಾದ ಊರಿನ ಚರ್ಚ್‌ನಲ್ಲೇ ಆಗಬೇಕೆಂಬುದು ಅವರ ಆಸೆ.

ಗಲ್ಫ್‌ನಲ್ಲಿ ಮಕ್ಕಳಿರುವ ಮನೆಯವರಿಗೆ ಒಂದು ಮಾತು. ರಿಯಾಲ್‌ಗೆ ಇಷ್ಟು ರೂಪಾಯಿ ಎಂದು ಸಂಬಳವನ್ನು ಗುಣಿಸಿ ನೋಡಬೇಡಿ. ಗಳಿಸುವುದು ರಿಯಾಲ್‌ನಲ್ಲಾದರೆ ಖರ್ಚಾಗುವುದೂ ರಿಯಾಲ್‌ನಲ್ಲೇ. ಕೆಲಸ ಬಿಟ್ಟಾಗ ಸಿಗುವ ಗ್ರಾಚ್ಯುಟಿಯನ್ನೂ ಸರಿಯಾಗಿ ತಿಳಿದುಕೊಳ್ಳಿ. ಕಾನೂನಿನ ಪ್ರಕಾರ ವರ್ಷಕ್ಕೆ ಕನಿಷ್ಠ ಮೂರು ವಾರದ ವೇತನ, ಅದೂ ಮೂಲವೇತನದ ಮೇಲೆ. ಒಟ್ಟು ಸಂಬಳ 7,000 ರಿಯಾಲ್ ಇದ್ದರೂ ಮೂಲವೇತನ 4,000 ಆಗಿದ್ದರೆ ವರ್ಷಕ್ಕೆ 2,800. ಹತ್ತು ವರ್ಷಕ್ಕೆ 28,000. ಇದನ್ನು ನೆಚ್ಚಿ ಮನೆಗೆ ಇನ್ನೊಂದು ಮಹಡಿ ಏರಿಸಬೇಡಿ. ಭಾರತೀಯ ರಾಯಭಾರ ಕಚೇರಿಯ ಆಶ್ರಯದಲ್ಲಿರುವ ಐಸಿಬಿಎಫ್ ಕಡಿಮೆ ಕಂತಿನ ಜೀವ ವಿಮೆ ಮಾಡಿಸುತ್ತದೆ. ನಿಮ್ಮವರು ಕತಾರ್‌ನಲ್ಲಿದ್ದರೆ ಅದಕ್ಕೆ ಸೇರಿದ್ದಾರೆಯೇ ಎಂದು ಈ ವಾರವೇ ಕೇಳಿ.

ತಾರೀಕು ಹಾಕಿದೆವು

ಕೊನೆಗೆ ನಮ್ಮ ತೀರ್ಮಾನ ಹೀಗಾಯಿತು. ಮಕ್ಕಳನ್ನು ಬೇರೆ ಕಳುಹಿಸುವುದಿಲ್ಲ, ಹೋಗುವುದಾದರೆ ನಾಲ್ವರೂ ಒಟ್ಟಿಗೆ. ಮನೆ ಸಾಲ ತೀರುವುದು 2028ರ ಮಾರ್ಚ್‌ಗೆ. ಮಗಳು ಆಗ ಐದನೆಯ ತರಗತಿ ಮುಗಿಸುತ್ತಾಳೆ. ಆ ಏಪ್ರಿಲ್‌ನಲ್ಲಿ ಊರಿಗೆ. ಅದಕ್ಕಿಂತ ಮೊದಲು ಇಲ್ಲಿ ಇರುವಂತಿಲ್ಲ ಎನಿಸಿದರೆ ಸಾಲ ಬಾಕಿಯಿದ್ದರೂ ಹೊರಡುವುದು. ಪ್ರಥಮ ಪರಮಪ್ರಸಾದ ಬರುವ ವರ್ಷ ರಜೆಯಲ್ಲಿ ಊರಿನ ಚರ್ಚ್‌ನಲ್ಲೇ. ಪಾದ್ರಿಯವರ ಹತ್ತಿರ ಮಾತಾಡಿ ಆಗಿದೆ. ಈ ಚಳಿಗಾಲ ಅಮ್ಮ ಇಲ್ಲಿಗೆ ಬರುತ್ತಾರೆ.

'ಇನ್ನೆರಡು ವರ್ಷ' ಎಂದು ಪ್ರತಿ ರಜೆಯಲ್ಲೂ ಹೇಳುವವರು ಗಲ್ಫ್‌ನಲ್ಲಿ ಬೇಕಾದಷ್ಟು ಜನ. ನಾವೂ ಹೇಳಿದವರೇ. ಹಾಗಾಗಿ ಈ ಸಲ ಬಾಯಿಮಾತಲ್ಲಿ ಬಿಡದೆ, ತಿಂಗಳು-ವರ್ಷ ಬರೆದು ಇಬ್ಬರೂ ಸಹಿ ಹಾಕಿ ಅದರ ಫೋಟೋ ಅಮ್ಮನಿಗೆ ಕಳುಹಿಸಿದೆವು. ಅಮ್ಮ ಅದಕ್ಕೆ ಉತ್ತರಿಸಲಿಲ್ಲ. ಮರುದಿನ ಫೋನ್ ಮಾಡಿ, "ಕನ್ನಡ ಒಂದನೇ ಕ್ಲಾಸಿನ ಪುಸ್ತಕ ತೆಗೆದಿಟ್ಟಿದ್ದೇನೆ, ಬರುವಾಗ ತರುತ್ತೇನೆ" ಎಂದರು.

ಅಮ್ಮನಿಗೂ, ಈ ಪುಟ ಓದುವ ಎಲ್ಲ ಅಮ್ಮಂದಿರಿಗೂ ಕೊನೆಯದಾಗಿ ಒಂದು ವಿನಂತಿ. ಶುಕ್ರವಾರ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ, ನಿಮ್ಮ ಗಡಿಯಾರದಲ್ಲಿ, ನಾವು ಫೋನ್ ಎತ್ತದಿದ್ದರೆ ಹೆದರಬೇಡಿ. ನಾವು ಪೂಜೆಯಲ್ಲಿರುತ್ತೇವೆ.