ಶಾಸನವಲ್ಲ, ತಂತ್ರಾಂಶದ ಕೈಪಿಡಿ

ಹರಿಹರದ ಹರಿಹರೇಶ್ವರ ದೇಗುಲವನ್ನು 1224ರ ಸುಮಾರಿಗೆ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದನೆಂದು ಶಾಸನ ಹೇಳುತ್ತದೆ. ಕಲ್ಲಿನಲ್ಲಿ ಕೊರೆದ ಆ ಮಾತನ್ನು ಯಾರೂ ತಿದ್ದಬೇಕಾಗಿಲ್ಲ. ಗಣಕಯಂತ್ರದ ತಂತ್ರಾಂಶಕ್ಕೆ ಬರೆಯುವ ಕೈಪಿಡಿ ಹಾಗಲ್ಲ. ತಂತ್ರಾಂಶ ಬದಲಾದಾಗಲೆಲ್ಲ ಅದೂ ಬದಲಾಗಬೇಕು. ಬದಲಾಯಿಸುವವರು ಯಾರು?

ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದದ್ದು ಮುಕ್ತ ತಂತ್ರಾಂಶ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ನಡೆಯುವುದು ಮೀಡಿಯಾವಿಕಿ ಎಂಬ ಇಂಥ ತಂತ್ರಾಂಶದಿಂದ. ಅದರ ಸಹಾಯ ಪುಟಗಳನ್ನು ಅನುವಾದಿಸುವವರು ಬಹುಪಾಲು ಸಂಬಳವಿಲ್ಲದ ಸ್ವಯಂಸೇವಕರು.

ಅನುವಾದಕ್ಕೆಂದು ಪ್ರತಿ ಪುಟವನ್ನೂ ಸಣ್ಣ ತುಣುಕುಗಳಾಗಿ ಒಡೆಯಲಾಗುತ್ತದೆ. ಇಂಗ್ಲಿಷಿನ ಮೂಲ ತುಣುಕು ಬದಲಾದರೆ, ಸಾಮಾನ್ಯವಾಗಿ ಅದರ ಕನ್ನಡ ರೂಪಕ್ಕೆ 'ಹಳತಾಗಿದೆ' ಎಂಬ ಗುರುತು ಬೀಳುತ್ತದೆ. ಯಂತ್ರದ ಕೆಲಸ ಅಲ್ಲಿಗೆ ಮುಗಿಯಿತು. ಹೊಸ ಪರದೆಯೊಡನೆ ಹೋಲಿಸಿ, ಅರ್ಥ ಕೆಡದಂತೆ ತಿದ್ದಲು ಮನುಷ್ಯರೇ ಬೇಕು.

ತಿದ್ದುವವರಿಲ್ಲದಿದ್ದರೆ ಏನಾಗುತ್ತದೆ? ಕಡರನಾಯಕನಹಳ್ಳಿಯಂಥ ಊರಿನ ಹುಡುಗಿಯೊಬ್ಬಳು ಕನ್ನಡದ ಸಹಾಯ ಪುಟ ತೆರೆದಳೆನ್ನಿ. 'ಬಲಗಡೆಯ ಗುಂಡಿ ಒತ್ತಿ' ಎಂದು ಅದರಲ್ಲಿದೆ. ಪರದೆಯ ಮೇಲೆ ಆ ಗುಂಡಿಯೇ ಇಲ್ಲ. ಕೈಪಿಡಿ ಹಳೆಯದೆಂದು ಅವಳಿಗೆ ಹೊಳೆಯುವುದಿಲ್ಲ. ತನಗೇ ತಿಳಿಯಲಿಲ್ಲವೆಂದು ಕೈಬಿಡುತ್ತಾಳೆ. ಇಂಗ್ಲಿಷ್ ಬಲ್ಲವರು ಮೂಲ ಪುಟಕ್ಕೆ ಹೋಗಿ ನೋಡಿಯಾರು. ಕನ್ನಡವನ್ನೇ ನಂಬಿದವರಿಗೆ ಆ ದಾರಿಯೂ ಇಲ್ಲ.

ಹೊಸ ಪುಟ ಬರೆದವರ ಹೆಸರು ಎದ್ದು ಕಾಣುತ್ತದೆ. ಹಳೆಯ ಸಾಲು ತಿದ್ದಿದವರನ್ನು ಗಮನಿಸುವವರು ಕಡಿಮೆ. ಆದರೆ ಈ ಕೆಲಸಕ್ಕೆ ಪ್ರೋಗ್ರಾಮಿಂಗ್ ಕಲಿತಿರಬೇಕೆಂದಿಲ್ಲ. ತಾನು ಎಡವಿದ ಜಾಗ ಯಾವುದೆಂದು ನೆನಪಿಟ್ಟು, ಅದನ್ನು ತಿಳಿಗನ್ನಡದಲ್ಲಿ ಸರಿಪಡಿಸಬಲ್ಲವರಾದರೆ ಸಾಕು.