ಕಬ್ಬಿನ ಹೊಲದಿಂದ ಜಿನೀವಾದವರೆಗೆ

ಪರದೇಶಗಳ ವ್ಯವಹಾರವೆಂದರೆ ದಿಲ್ಲಿಯ ಮಂತ್ರಿಗಳಿಗೂ ರಾಯಭಾರಿಗಳಿಗೂ ಸಂಬಂಧಿಸಿದ್ದು. ಹೊಲ-ಮನೆ ನೋಡಿಕೊಂಡಿರುವ ನಮಗೆ ಅದರ ಗೊಡವೆ ಏಕೆ ಎಂಬ ಮಾತು ನಮ್ಮ ಮನೆಗಳಲ್ಲಿ ಆಗಾಗ ಕೇಳಿಬರುತ್ತದೆ. ಮೇಲುನೋಟಕ್ಕೆ ಇದು ಸರಿಯೆನಿಸಬಹುದು. ಆದರೆ ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯ ದಂಡೆಯಲ್ಲಿ ನಿಂತು ವಿಚಾರ ಮಾಡಿದರೆ ಈ ಮಾತು ನಿಲ್ಲುವುದಿಲ್ಲ.

1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ಈ ಭಾಗದ ರೈತರು ಸರಕಾರದ ದಾರಿ ಕಾಯದೆ, ತಮ್ಮ ವಂತಿಗೆ ಮತ್ತು ಶ್ರಮದಾನಗಳಿಂದ ಇಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಅದಕ್ಕೆ 'ಶ್ರಮಬಿಂದು ಸಾಗರ' ಎಂಬ ಹೆಸರು ಬಂದಿತು. ನ್ಯಾಮಗೌಡರು 2018ರಲ್ಲಿ ಅಪಘಾತದಲ್ಲಿ ತೀರಿಕೊಂಡರು. ಅವರ ಕಾಯಕ ಉಳಿದಿದೆ. ಈ ದಂಡೆಯ ಜನರಿಗೆ ಒಂದು ಸತ್ಯ ಯಾರೂ ಹೇಳಿಕೊಡದೆಯೇ ತಿಳಿದಿದೆ: ತಮ್ಮ ಊರಿನ ನೀರು ತಮ್ಮ ಊರಿನಲ್ಲಿ ಹುಟ್ಟಿದ್ದಲ್ಲ. ಮಹಾಬಳೇಶ್ವರದ ಘಟ್ಟದಲ್ಲಿ ಮಳೆ ಸುರಿದರೆ, ಕೊಯ್ನಾ ಜಲಾಶಯದ ಬಾಗಿಲು ತೆರೆದರೆ, ಇಲ್ಲಿ ಹೊಳೆ ಏರುತ್ತದೆ. ಆದುದರಿಂದಲೇ ಅವರು ಮೇಲಿನ ಸೀಮೆಯ ಸುದ್ದಿಯನ್ನು ಕಿವಿಗೊಟ್ಟು ಕೇಳುತ್ತಾರೆ.

ಬೆಲೆಯೆಂಬುದೂ ಇಂಥದೇ ಒಂದು ಹೊಳೆ. ಅದರ ಮೇಲಿನ ಸೀಮೆ ಮಾತ್ರ ಇನ್ನೂ ದೂರದಲ್ಲಿದೆ.

ನಮ್ಮ ಭಾಗದ ಮುಖ್ಯ ಬೆಳೆಯಾದ ಕಬ್ಬನ್ನೇ ನೋಡೋಣ. ಕೇಂದ್ರ ಸರಕಾರವು ಪ್ರತಿ ಹಂಗಾಮಿಗೂ ಕಬ್ಬಿಗೆ ನ್ಯಾಯಸಮ್ಮತ ಮತ್ತು ಲಾಭದಾಯಕ ಬೆಲೆಯನ್ನು, ಅಂದರೆ ಎಫ್.ಆರ್.ಪಿ.ಯನ್ನು, ಗೊತ್ತುಪಡಿಸುತ್ತದೆ. 2025-26ರ ಹಂಗಾಮಿಗೆ ಶೇಕಡಾ 10.25 ಇಳುವರಿಗೆ ಕ್ವಿಂಟಲಿಗೆ 355 ರೂಪಾಯಿ ಎಂದು ನಿಗದಿಯಾಯಿತು. ಈ ಬೆಲೆಯ ಮೇಲೆ ಸ್ವಿಟ್ಜರ್ಲೆಂಡ್ ದೇಶದ ಜಿನೀವಾ ನಗರದಲ್ಲಿ ವ್ಯಾಜ್ಯ ನಡೆದುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

2019ರಲ್ಲಿ ಬ್ರೆಜಿಲ್, ಆಸ್ಟ್ರೇಲಿಯಾ ಮತ್ತು ಗ್ವಾಟೆಮಾಲಾ ದೇಶಗಳು ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಭಾರತದ ಮೇಲೆ ದೂರು ಸಲ್ಲಿಸಿದವು. ಭಾರತವು ಕಬ್ಬಿಗೆ ಮಿತಿಮೀರಿ ಬೆಂಬಲ ನೀಡುತ್ತದೆ, ಸಕ್ಕರೆಯ ರಫ್ತಿಗೂ ಸಹಾಯಧನ ಕೊಡುತ್ತದೆ, ಇದರಿಂದ ತಮ್ಮ ಬೆಳೆಗಾರರಿಗೆ ಪೆಟ್ಟು ಬೀಳುತ್ತದೆ ಎಂಬುದು ಅವರ ವಾದ. ಕಬ್ಬಿನ ಬೆಲೆಯನ್ನು ಕೊಡುವವು ಕಾರ್ಖಾನೆಗಳೇ ಹೊರತು ಸರಕಾರವಲ್ಲ ಎಂಬುದು ಭಾರತದ ಉತ್ತರ. 2021ರ ಡಿಸೆಂಬರ್ 14ರಂದು ತೀರ್ಪು ಭಾರತದ ವಿರುದ್ಧವಾಯಿತು. ಬೆಂಬಲವು ಬೆಳೆಯ ಒಟ್ಟು ಮೌಲ್ಯದ ಶೇಕಡಾ 10ನ್ನು ದಾಟಬಾರದು. ಭಾರತ ಸತತ ಐದು ಹಂಗಾಮು ದಾಟಿದೆ ಎಂದು ತೀರ್ಪುಗಾರರು ಹೇಳಿದರು. ಸೋಜಿಗವೆಂದರೆ, ಕೃಷಿ ಒಪ್ಪಂದದ ನಿಯಮದಂತೆ ಈ ಲೆಕ್ಕಕ್ಕೆ ಆಧಾರವಾದುದು 1986-88ರ ಬೆಲೆ. ಚಿಕ್ಕಪಡಸಲಗಿಯ ಬ್ಯಾರೇಜು ಕಟ್ಟುವುದಕ್ಕೂ ಹಿಂದಿನ ಕಾಲದ್ದು!

ಭಾರತವು ಮೇಲ್ಮನವಿ ಸಲ್ಲಿಸಿತು. ಆದರೆ ಮೇಲ್ಮನವಿಯ ಪೀಠದ ಸದಸ್ಯರ ನೇಮಕಕ್ಕೆ ಅಮೆರಿಕ ಅಡ್ಡಿಪಡಿಸುತ್ತಿದ್ದ ಕಾರಣ ಆ ಪೀಠವು 2019ರ ಡಿಸೆಂಬರದಿಂದಲೇ ಕೆಲಸ ನಿಲ್ಲಿಸಿತ್ತು. ಹೀಗೆ ಅಮೆರಿಕದ ಒಂದು ಹಟದಿಂದ ನಮ್ಮ ಕಬ್ಬಿನ ವ್ಯಾಜ್ಯ ತೂಗಿಬಿದ್ದಿತು.

ಇದನ್ನು ತಿಳಿದು ಪರದೇಶದವರೆಲ್ಲ ನಮ್ಮ ವೈರಿಗಳೆಂದು ಬಗೆಯುವುದು ಸಲ್ಲದು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಸೀಮೆಯ ಕಬ್ಬಿನ ಬೆಳೆಗಾರನಿಗೂ ಹೆಂಡತಿ-ಮಕ್ಕಳಿದ್ದಾರೆ, ಸಾಲವಿದೆ. ತನ್ನ ನೋವನ್ನು ಬಲ್ಲವನು ಅನ್ಯರ ನೋವನ್ನೂ ಅಳೆದು ನೋಡಬೇಕು. ಎಲ್ಲ ತಪ್ಪನ್ನೂ ಹೊರಗಿನವರ ತಲೆಗೆ ಕಟ್ಟುವುದೂ ನಿಜವಲ್ಲ. ಸಕ್ಕರೆಯ ರಫ್ತಿಗೆ 2022ರ ಜೂನ್‌ನಿಂದ ಮಿತಿ ಹಾಕಿದುದು ನಮ್ಮ ಸರಕಾರವೇ. ಒಳನಾಡಿನ ಗ್ರಾಹಕನಿಗೆ ಸಕ್ಕರೆ ತುಟ್ಟಿಯಾಗಬಾರದೆಂಬುದು ಅದರ ಉದ್ದೇಶ. 2023ರಲ್ಲಿ ಜಗತ್ತಿನ ಮಾರುಕಟ್ಟೆಯಲ್ಲಿ ಬೆಲೆ ಏರಿದಾಗ ಅದರ ಲಾಭ ನಮ್ಮ ಹೊಲಕ್ಕೆ ಬರಲಿಲ್ಲ.

ಇನ್ನೊಂದು ಎಳೆಯನ್ನು ಹಿಡಿಯೋಣ. ಬ್ರೆಜಿಲ್ ದೇಶವು 1973ರ ತೈಲ ಬಿಕ್ಕಟ್ಟಿನ ತರುವಾಯ, 1975ರಲ್ಲಿ, ಕಬ್ಬಿನಿಂದ ವಾಹನದ ಇಂಧನವಾದ ಎಥನಾಲ್ ತಯಾರಿಸುವ ದೊಡ್ಡ ಯೋಜನೆಯನ್ನು ಕೈಗೊಂಡಿತು. ಅಲ್ಲಿಯ ಕಾರ್ಖಾನೆಗಳು ಲಾಭ ನೋಡಿ ಸಕ್ಕರೆಯನ್ನೋ ಎಥನಾಲನ್ನೋ ಹೆಚ್ಚು ಮಾಡುತ್ತವೆ. ಅರಬ್ ದೇಶಗಳ ಸೀಮೆಯಲ್ಲಿ ಯುದ್ಧವಾಗಿ ತೈಲ ತುಟ್ಟಿಯಾದರೆ ಅಲ್ಲಿ ಎಥನಾಲ್ ಹೆಚ್ಚಬಹುದು, ಸಕ್ಕರೆ ಕಡಿಮೆಯಾಗಬಹುದು, ಜಗತ್ತಿನ ಸಕ್ಕರೆ ಬೆಲೆ ಏರಬಹುದು. ಎಲ್ಲಿಯ ಯುದ್ಧ, ಎಲ್ಲಿಯ ಜಮಖಂಡಿ!

2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರದಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೇಳಿ ಹೋರಾಡಿದರು. ರಾಜ್ಯ ಸರಕಾರ 3,300 ರೂಪಾಯಿ ಎಂದಿತು. ಇಂಥ ಸಮಯದಲ್ಲಿ 'ಜಗತ್ತಿನ ಮಾರುಕಟ್ಟೆಯೇ ಹೀಗಿದೆ' ಎಂಬ ಮಾತು ಬಂದರೆ, ಅದು ನಿಜವೋ ನೆವವೋ ಎಂದು ಅಳೆಯುವ ಶಕ್ತಿ ನಮಗಿರಬೇಕು. ಅರಿಯದವನು ಎರಡು ಬಾರಿ ಮೋಸಹೋಗುತ್ತಾನೆ: ಸುಳ್ಳನ್ನು ನಂಬಿ ಒಮ್ಮೆ, ನಿಜವನ್ನು ನಂಬದೆ ಇನ್ನೊಮ್ಮೆ.

ಇದಕ್ಕೆ ದೊಡ್ಡ ವಿದ್ಯೆ ಬೇಡ. ಮನೆಯ ಗೋಡೆಗೆ ಒಂದು ಜಗತ್ತಿನ ನಕಾಶೆ ಇರಲಿ. ಸುದ್ದಿಯಲ್ಲಿ ಕೇಳಿದ ದೇಶವನ್ನು ಮಕ್ಕಳು ಅದರಲ್ಲಿ ಹುಡುಕಲಿ. ಒಂದೇ ಸಂಗತಿಯನ್ನು ಎರಡು ಪತ್ರಿಕೆಗಳಲ್ಲಿ ಓದೋಣ. ಮೊಬೈಲಿಗೆ ಬಂದ ಮಾತನ್ನು ಆಕಾಶವಾಣಿಯ ವಾರ್ತೆಯೊಡನೆ ತಾಳೆ ನೋಡಿದ ಬಳಿಕವೇ ಇನ್ನೊಬ್ಬರಿಗೆ ಹೇಳೋಣ. ಪ್ರತಿ ಸುದ್ದಿಗೂ ಮೂರು ಪ್ರಶ್ನೆ ಕೇಳೋಣ: ಇದರಿಂದ ಯಾರಿಗೆ ಲಾಭ? ಯಾರಿಗೆ ನಷ್ಟ? ಎದುರಿನವರು ಏನೆನ್ನುತ್ತಾರೆ? ಅಡುಗೆಮನೆಯ ತಾಯಂದಿರೂ ಈ ಮಾತಿಗೆ ಹೊರತಲ್ಲ; 2022ರಲ್ಲಿ ಸೂರ್ಯಕಾಂತಿ ಎಣ್ಣೆ ತುಟ್ಟಿಯಾದಾಗ ಯುಕ್ರೇನಿನ ಯುದ್ಧ ಅವರ ಒಲೆಯ ಮುಂದೆಯೇ ಬಂದು ನಿಂತಿತ್ತು.

ನೀರನ್ನು ಯಾರಾದರೂ ತಂದುಕೊಟ್ಟಾರೆಂದು ಚಿಕ್ಕಪಡಸಲಗಿಯ ರೈತರು ಕಾಯಲಿಲ್ಲ. ಅರಿವಿನ ವಿಷಯದಲ್ಲಿಯೂ ನಾವು ಕಾಯಬೇಕಾಗಿಲ್ಲ.