ಒಂದು ಗ್ರಾಂ ಇದ್ದಿಲಿನಲ್ಲಿ ಹದಿನೈದು ಗುಂಟೆ!

ಹೌದು, ಹದಿನೈದು ಗುಂಟೆ! ತೆಂಗಿನ ಕರಟ ಸುಟ್ಟು, ಕಾದ ಹಬೆ ಹಾಯಿಸಿ ಹದಗೊಳಿಸಿದ ಇದ್ದಿಲಿನ ಒಂದೇ ಒಂದು ಗ್ರಾಂ ಪುಡಿಯೊಳಗೆ ಅಷ್ಟು ಜಾಗ ಅಡಗಿದೆ. ಅದರ ಸೂಕ್ಷ್ಮ ರಂಧ್ರಗಳ ಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 1,500 ಚದರ ಮೀಟರ್! ಸೂಪರ್‌ಕೆಪಾಸಿಟರ್ ವಿದ್ಯುತ್ತನ್ನು ಕೂಡಿಡುವುದು ಈ ನೆಲದ ಮೇಲೆಯೇ.

ಬ್ಯಾಟರಿಯಲ್ಲಿ ರಾಸಾಯನಿಕ ಕ್ರಿಯೆ ನಡೆಯಬೇಕು. ಇಲ್ಲಿ ಅದರ ಹಂಗಿಲ್ಲ. ಇದ್ದಿಲಿನ ಎರಡು ಎಲೆಕ್ಟ್ರೋಡುಗಳು, ನಡುವೆ ಅಯಾನುಗಳಿರುವ ದ್ರಾವಣ. ವೋಲ್ಟೇಜ್ ಕೊಟ್ಟ ಕೂಡಲೇ ಧನ ಅಯಾನುಗಳು ಋಣ ಗೋಡೆಗೆ, ಋಣ ಅಯಾನುಗಳು ಧನ ಗೋಡೆಗೆ ಬಂದು ನಿಲ್ಲುತ್ತವೆ. ವಿದ್ಯುತ್ತು ಬೇಕಾದಾಗ ಬಂದ ದಾರಿಯಲ್ಲೇ ಹಿಂದಿರುಗುತ್ತವೆ. ಏನೂ ಸವೆಯುವುದಿಲ್ಲ ಎಂದೇ ಹೇಳಬಹುದು! ಸೆಕೆಂಡುಗಳಲ್ಲಿ ಚಾರ್ಜ್, ಅದೂ ಲಕ್ಷಾಂತರ ಸಲ. ಏರ್‌ಬಸ್ ಎ380 ವಿಮಾನದ ತುರ್ತು ಬಾಗಿಲುಗಳನ್ನು ನಂಬಿ ಒಪ್ಪಿಸಿದ್ದು ಇವುಗಳಿಗೇ. ಕೊರತೆ ಒಂದೇ: ಅಷ್ಟೇ ತೂಕದ ಲೀಥಿಯಂ ಬ್ಯಾಟರಿಗಿಂತ ಬಹಳ ಕಡಿಮೆ ಶಕ್ತಿ ಹಿಡಿಯುತ್ತವೆ.

ಹೆಚ್ಚು ಹಿಡಿಸುವುದು ಹೇಗೆ? ರಂಧ್ರ ಕಿರಿದಾದಷ್ಟೂ ಗೋಡೆ ಹೆಚ್ಚು. ಆದರೆ ತೀರಾ ಕಿರಿದಾದರೆ ಅಯಾನುಗಳೇ ಒಳಹೋಗಲಾರವಲ್ಲ! ಪ್ರತಿ ಅಯಾನೂ ದ್ರಾವಕದ ಅಣುಗಳನ್ನು ಮೈಗೆ ಸುತ್ತಿಕೊಂಡೇ ಓಡಾಡುತ್ತದೆ. ಆದ್ದರಿಂದ ಒಂದು ನ್ಯಾನೋಮೀಟರ್‌ಗಿಂತ, ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲಿಗಿಂತ ಸಣ್ಣ ರಂಧ್ರಗಳು ದಂಡವೆಂದೇ ದಶಕಗಳ ಕಾಲ ಎಲ್ಲರೂ ನಂಬಿದ್ದರು.

2006ರಲ್ಲಿ ಆ ನಂಬಿಕೆ ಕುಸಿದುಬಿತ್ತು! ಫಿಲಡೆಲ್ಫಿಯಾದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಯೂರಿ ಗೊಗೊಟ್ಸಿ, ಫ್ರಾನ್ಸಿನ ಟುಲೂಸ್‌ನ ಪ್ಯಾಟ್ರಿಸ್ ಸಿಮೊನ್ ಮತ್ತು ಸಂಗಡಿಗರು ಟೈಟಾನಿಯಂ ಕಾರ್ಬೈಡಿನಿಂದ ಟೈಟಾನಿಯಂ ಅಷ್ಟನ್ನೇ ಕ್ಲೋರಿನ್ ಬಳಸಿ ಹೊರಗೆಳೆದರು. ಉಳಿದ ಇಂಗಾಲದಲ್ಲಿ ತಮಗೆ ಬೇಕಾದ ಅಳತೆಯ ರಂಧ್ರಗಳು! ಅಳತೆ ಒಂದು ನ್ಯಾನೋಮೀಟರ್‌ಗಿಂತ ಕೆಳಗಿಳಿದಾಗ ಚಾರ್ಜ್ ಕುಗ್ಗಬೇಕಿತ್ತು. ಅದು ಥಟ್ಟನೆ ಏರಿತು! ಅವರು ಬಳಸಿದ ಧನ ಅಯಾನು ದ್ರಾವಕ ಹೊದ್ದಾಗ 1.3 ನ್ಯಾನೋಮೀಟರ್, ಬರಿಮೈಯಲ್ಲಿ 0.68. ಉಡುಪಿಯ ಕೃಷ್ಣಮಠದಲ್ಲಿ ಅಂಗಿ ಕಳಚಿ ಒಳಹೋಗುವವರ ಹಾಗೆ, ಅಯಾನುಗಳು ತಮ್ಮ ಹೊದಿಕೆ ಕಳಚಿ ಒಳನುಸುಳಿ ಗೋಡೆಗೆ ತೀರ ಹತ್ತಿರ ನಿಂತಿದ್ದವು.

ಆದರೆ ಅಲ್ಲಿ ಇಣುಕಿ ನೋಡುವವರು ಯಾರು? ಕಂಪ್ಯೂಟರ್! 2012ರಲ್ಲಿ ಸೆಲಿನ್ ಮೆರ್ಲೆ, ಮಾಥ್ಯೂ ಸಲಾನ್ ಮುಂತಾದವರು ಅಡ್ಡಾದಿಡ್ಡಿ ರಂಧ್ರಗಳ ಇಂಗಾಲವನ್ನೂ ಅಯಾನುಗಳನ್ನೂ ಲೆಕ್ಕದಲ್ಲೇ ಕಟ್ಟಿದರು. ಎಲೆಕ್ಟ್ರೋಡಿನ ವೋಲ್ಟೇಜನ್ನು ಸ್ಥಿರವಾಗಿಟ್ಟು, ಅಯಾನು ಕದಲಿದಾಗಲೆಲ್ಲ ಪ್ರತಿಯೊಂದು ಇಂಗಾಲದ ಪರಮಾಣುವಿನ ಚಾರ್ಜನ್ನೂ ಹೊಸದಾಗಿ ಲೆಕ್ಕಹಾಕಿದರು. ಎಂಥ ಸಾಹಸ! ರಂಧ್ರ ಮೊದಲು ಖಾಲಿಯಿದ್ದು ಆಮೇಲೆ ತುಂಬುವುದಲ್ಲ. ಎರಡೂ ಬಗೆಯ ಅಯಾನುಗಳು ಮೊದಲೇ ಒಳಗಿರುತ್ತವೆ, ವೋಲ್ಟೇಜ್ ಬಂದಾಗ ಒಂದು ಹೊರಟು ಇನ್ನೊಂದು ಸೇರುತ್ತದೆ ಎಂದು ಆ ಲೆಕ್ಕ ತೋರಿಸಿತು.

ಇನ್ನೂ ದೊಡ್ಡ ಬೆರಗು ಕೇಳಿ. ಸಜಾತಿ ಚಾರ್ಜುಗಳು ವಿಕರ್ಷಿಸುತ್ತವೆ ಎಂಬುದು ಹೈಸ್ಕೂಲಿನ ಪಾಠ. ಆದರೆ ವಿದ್ಯುತ್ ಹರಿಯುವ ಗೋಡೆಗಳ ನಡುವಿನ ಇಕ್ಕಟ್ಟಿನಲ್ಲಿ ಗೋಡೆಯೇ ಆ ವಿಕರ್ಷಣೆಯನ್ನು ಅಡಗಿಸಿಬಿಡುತ್ತದೆ. ಒಂದೇ ಜಾತಿಯ ಅಯಾನುಗಳು ಪಕ್ಕಪಕ್ಕ ನಿಲ್ಲಬಲ್ಲವು! ಸ್ವ್ಯಾತೊಸ್ಲಾವ್ ಕೊಂಡ್ರಾಟ್ ಮತ್ತು ಅಲೆಕ್ಸಿ ಕಾರ್ನಿಶೆವ್ 2011ರಲ್ಲಿ ಗಣಿತದಿಂದ ಇದನ್ನು ಮುಂದಾಗಿಯೇ ಕಂಡಿದ್ದರು. 2017ರಲ್ಲಿ ಎಕ್ಸ್-ರೇ ಪ್ರಯೋಗಗಳು ಇಂಥ ಜೋಡಿಗಳ ಸುಳಿವನ್ನು ಎದುರಿಗಿಟ್ಟವು.

ಹಿಡಿಯುವುದಾಯಿತು, ವೇಗದ ಮಾತೇನು? 1963ರಲ್ಲೇ ರಾಬರ್ಟ್ ಡಿ ಲೆವಿ ಒಂದು ರಂಧ್ರವನ್ನು ಸಾಲಾಗಿ ಬೆಸೆದ ರೆಸಿಸ್ಟರ್, ಕೆಪಾಸಿಟರ್‌ಗಳ ಸರಪಳಿಯೆಂದು ಬರೆದು ತೋರಿಸಿದ್ದರು: ಬಾಯಿಯ ಹತ್ತಿರ ಬೇಗ ಚಾರ್ಜ್, ಆಳದಲ್ಲಿ ತಡ. ಆದರೆ ನಿಜವಾದ ಎಲೆಕ್ಟ್ರೋಡಿನಲ್ಲಿರುವುದು ಒಂದು ರಂಧ್ರವಲ್ಲ, ಕೂಡುತ್ತ ಕವಲೊಡೆಯುತ್ತ ಹೋಗುವ ಅಸಂಖ್ಯ ರಂಧ್ರಗಳು! ತಂತಿಗಳ ಜಾಲದಲ್ಲಿ ವಿದ್ಯುತ್ತಿನ ಹರಿವನ್ನು ಲೆಕ್ಕಹಾಕಲು 1845ರ ಕಿರ್ಕಾಫ್ ನಿಯಮಗಳು ಸಾಕು. ಅಯಾನುಗಳನ್ನಾದರೋ ವಿದ್ಯುತ್ ಕ್ಷೇತ್ರವೂ ತಳ್ಳುತ್ತದೆ, ಸಾಂದ್ರತೆಯ ಏರುಪೇರೂ ತಳ್ಳುತ್ತದೆ. 2024ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದ ಅಂಕುರ್ ಗುಪ್ತಾ ಮತ್ತು ಸಂಗಡಿಗರು ಈ ಎರಡು ತಳ್ಳುವಿಕೆಗಳನ್ನೂ ಸೇರಿಸಿ ಆ ನಿಯಮಗಳನ್ನು ಅಯಾನುಗಳಿಗೆ ಒಗ್ಗಿಸಿದರು. ಸಾವಿರಾರು ರಂಧ್ರಗಳ ಜಾಲದಲ್ಲಿ ಅಯಾನುಗಳ ಹರಿವನ್ನು ಲೆಕ್ಕಹಾಕುವುದು ಈಗ ಕೆಲವೇ ನಿಮಿಷಗಳ ಕೆಲಸ!

ಅದೇ ವರ್ಷ ಕೇಂಬ್ರಿಡ್ಜ್‌ನಿಂದ ಮತ್ತೊಂದು ಸುದ್ದಿ. ಅಲೆಕ್ಸಾಂಡರ್ ಫೋರ್ಸ್ ಅವರ ತಂಡ ಮಾರುಕಟ್ಟೆಯ ಹಲವು ಇಂಗಾಲಗಳನ್ನು ಹೋಲಿಸಿದಾಗ ರಂಧ್ರದ ಅಳತೆಗೂ ಚಾರ್ಜಿಗೂ ನಂಟೇ ಕಾಣಲಿಲ್ಲ. ರಚನೆ ಎಷ್ಟು ಅಸ್ತವ್ಯಸ್ತವೋ ಅಷ್ಟು ಹೆಚ್ಚು ಚಾರ್ಜ್! ಇಕ್ಕಟ್ಟು, ಅಂಕುಡೊಂಕು, ಅಸ್ತವ್ಯಸ್ತತೆ: ದೋಷವೆಂದು ಪಕ್ಕಕ್ಕೆ ಸರಿಸಿದ್ದೆಲ್ಲ ಗುಣವಾಗಿ ಎದ್ದು ಬರುತ್ತಿದೆ. ರಂಧ್ರಗಳು ಹೇಗಿದ್ದರೆ ಹೆಚ್ಚು ಹಿಡಿದೀತು, ಹೇಗೆ ಕೂಡಿದರೆ ಬೇಗ ತುಂಬೀತು ಎಂಬ ಎರಡು ಪ್ರಶ್ನೆಗಳನ್ನು ಒಟ್ಟಿಗೇ ಬಿಡಿಸಬೇಕು. ಅದಕ್ಕೆ ಬೇಕಾದ ಗಣಿತ ಕೊನೆಗೂ ನಮ್ಮ ಕೈಗೆ ಬಂದಿದೆ. ಇನ್ನು ಎಲೆಕ್ಟ್ರೋಡುಗಳನ್ನು ಮೊದಲು ಲೆಕ್ಕದಲ್ಲಿ ಕಟ್ಟಿ, ಆಮೇಲೆ ಕುಲುಮೆಗೆ ಕಳಿಸಬಹುದು!